ಗಿಳಿಗೂಟದ ಕೆಳಗೆ ಕೂತವಳು

ದೆವ್ವ ಕಂಡೆ, ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ, ‘ಪಿತ್ತ ಏರಿರಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡಿ’ ಎಂದು ನಕ್ಕು ಕಳಿಸುತ್ತಿದ್ದವನು ನಾನು. ಬಾಗಲಕೋಟೆಯಲ್ಲಿ ನಿವೃತ್ತಿಯ ತನಕ ವಿಜ್ಞಾನ ಕಲಿಸಿದ ಮಾಸ್ತರ. ಬೆಳಕು ಮಸೂರದೊಳಗೆ ಹೇಗೆ ಬಾಗುತ್ತದೆ ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದವನಿಗೆ ಸ್ವಂತ ಕಣ್ಣಿನ ಮೇಲೆ ಅನುಮಾನ ಬಂದಿರಲಿಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಎಂದು ನಾನು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ನಿವೃತ್ತನಾದ ಮೇಲೆ ನನಗೊಂದು ಹುಚ್ಚು ಹತ್ತಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರಿನ ಗುರುತುಗಳನ್ನು ಕೂಡಿಹಾಕುವುದು. ಮುಳುಗಡೆಯಾದಾಗ ಜನ ತಮ್ಮ ಮನೆಗಳ ಬಾಗಿಲು, ಕಂಬ, ತೊಲೆಗಳನ್ನು ಕಿತ್ತುಕೊಂಡು ನವನಗರಕ್ಕೆ ಬಂದಿದ್ದರು. ಹೊಸ ಸಿಮೆಂಟಿನ ಮನೆಗಳಿಗೆ ಅವು ಹೊಂದಲಿಲ್ಲ. ಹಿತ್ತಲಿನಲ್ಲಿ ಬಿದ್ದು ಗೆದ್ದಲು ಹಿಡಿಯುತ್ತಿದ್ದವು. ಅವನ್ನೆಲ್ಲ ಬೇಡಿ ತಂದು ನಮ್ಮ ಮುಂದಿನ ಖೋಲಿಯಲ್ಲಿ ಜೋಡಿಸಿದೆ. ಹಳೆಯ ಫೋಟೋ ಇದ್ದವರ ಮನೆಗೆ ಹೋಗಿ ಕ್ಯಾಮೆರಾದಲ್ಲಿ ನಕಲು ಮಾಡಿಕೊಂಡೆ. ‘ಊರಾನ ಗುಜರಿ ಎಲ್ಲಾ ನಮ್ಮ ಮನಿಗೇ ಬಂತು’ ಎಂದು ಹೆಂಡತಿ ಗೊಣಗುತ್ತಿದ್ದಳು. ನನಗೆ ಮಾತ್ರ ಮುಳುಗಿದ ಊರನ್ನು ನಾನೊಬ್ಬನೇ ದಡ ಸೇರಿಸುತ್ತಿದ್ದೇನೆ ಎಂಬ ಜಂಬ.

ಆ ಖೋಲಿಗೆ ಒಂದು ದಿನ ನೀಲವ್ವ ಬಂದರು. ಹಳೆಯ ಊರಿನಲ್ಲಿ ನಮ್ಮ ಓಣಿಯ ಹಿಂದಿನ ಓಣಿಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಸೆರಗಿನಲ್ಲಿ ಸುತ್ತಿ ತಂದಿದ್ದ ಒಂದು ಗೂಟವನ್ನು ನನ್ನ ಕೈಗಿಟ್ಟರು. ಗೋಡೆಯಲ್ಲಿ ಬಟ್ಟೆ ಚೀಲ ತೂಗುಹಾಕಲು ಬಡಿದಿರುತ್ತಿದ್ದ ಸಾಗವಾನಿ ಗೂಟ. ತುದಿಯಲ್ಲಿ ಗಿಳಿಯ ತಲೆ ಕೆತ್ತಿತ್ತು, ಕೊಕ್ಕಿನ ತುದಿ ಮುರಿದಿತ್ತು. ಸಾಲಿಗೆ ಹೋಗುವಾಗ ತಮ್ಮ ಪಾಟಿಚೀಲ ತೂಗುತ್ತಿದ್ದದ್ದು ಅದಕ್ಕೇ ಎಂದರು. ಆಮೇಲೆ ಬಂದ ಕೆಲಸ ಹೇಳಿದರು.

‘ಮಾಸ್ತರ್ರ, ನಾ ಹುಟ್ಟಿದಾಗನ ನಮ್ಮವ್ವ ತೀರಕೊಂಡ್ಲರಿ. ಆಕೀದೊಂದು ಫೋಟೋ ತಗಸಿದ್ರಂತ. ಅಪ್ಪ ಅದನ್ನ ಮನಿಗೆ ತರಲೇ ಇಲ್ಲ. ನಿಮ್ಮ ಕಡೆ ಎಲ್ಲೆರ ಬಂದ್ರ ಒಂದು ಸಲ ಆಕಿ ಮಾರಿ ತೋರಸ್ರಿ. ನಾ ಮ್ಯಾಲ ಹೋದಾಗ ಆಕೀನ ಗುರುತರ ಹಿಡೀಬೇಕಲ್ಲ.’

ನಕ್ಕೇ ಹೇಳಿದರು. ನನಗೆ ನಗು ಬರಲಿಲ್ಲ.

ಅದಾಗಿ ಎಷ್ಟೋ ತಿಂಗಳ ಮೇಲೆ, ಹಳೆಯ ಊರಿನಲ್ಲಿ ಸ್ಟುಡಿಯೋ ಇಟ್ಟಿದ್ದವರ ಮೊಮ್ಮಗ ಇಳಕಲ್ಲಿನಿಂದ ಒಂದು ಕಟ್ಟಿಗೆ ಪೆಟ್ಟಿಗೆ ತಂದುಕೊಟ್ಟ. ತುಂಬ ಗಾಜಿನ ನೆಗೆಟಿವ್‌ಗಳು. ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಕಾಣುವ ಫಲಕಗಳು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪನ್ನು ಅದಲುಬದಲು ಮಾಡಿ ನೋಡುತ್ತಿದ್ದೆ. ಬೇಸಿಗೆಯ ಮಧ್ಯಾಹ್ನ. ಊಟ ಹೊತ್ತಿಗೆ ಸರಿಯಾಗಿಯೇ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಒಂದು ಫಲಕದಲ್ಲಿ ಗೋಡೆಗೆ ಒರಗಿ ಕೂತ ಹೆಣ್ಣುಮಗಳು ಇದ್ದಳು. ತಲೆತುಂಬ ಹೂವು, ಇಳಕಲ್ ಸೀರೆ, ಕೈತುಂಬ ಬಳೆ. ಹಣೆಗೆ ವಿಭೂತಿ. ಭುಜದ ಮೇಲುಗಡೆ ಗೋಡೆಯಲ್ಲಿ ಕೊಕ್ಕು ಮುರಿದ ಗಿಳಿಗೂಟ! ಎದ್ದು ಹೋಗಿ ಖೋಲಿಯಲ್ಲಿದ್ದ ಗೂಟ ತಂದು ಪರದೆಯ ಪಕ್ಕ ಹಿಡಿದೆ. ಅದೇ.

ಮುಖವನ್ನು ದೊಡ್ಡದು ಮಾಡಿ ನೋಡಿದೆ. ದುಂಡು ಮುಖ. ಗದ್ದದ ಮೇಲೆ ಮೂರು ಹಚ್ಚೆ ಬೊಟ್ಟು. ಕಣ್ಣು ತೆರೆದು ನೇರ ನನ್ನನ್ನೇ ನೋಡುತ್ತಿದ್ದಳು, ತುಟಿಯ ಒಂದು ಕೊನೆಯಲ್ಲಿ ನಗೆ ತಡೆದುಕೊಂಡಂತೆ. ಬಸುರಿಗೆ ಹೂ ಮುಡಿಸಿ ಕುಬುಸ ಮಾಡಿದ ದಿನ ತೆಗೆಸಿದ ಫೋಟೋ ಎಂದು ನನಗೆ ತಿಳಿದುಹೋಯಿತು. ನನ್ನ ಕಣ್ಣು ಒದ್ದೆಯಾದವು.

ಕೂಡಲೇ ನೀಲವ್ವರಿಗೆ ಫೋನು ಮಾಡಿದೆ. ‘ನಿಮ್ಮವ್ವ ಸಿಕ್ಕಾರ್ರಿ. ಕುಬುಸದ ಫೋಟೋ. ಗದ್ದಕ್ಕ ಮೂರು ಹಚ್ಚಿ ಬೊಟ್ಟು ಅದಾವ’ ಎಂದೆ.

‘ನಮ್ಮ ಆಯಿ, ಅವ್ವನ ಅವ್ವ, ಹೇಳ್ತಿದ್ಲರಿ, ಮೂರು ಬೊಟ್ಟಿದ್ವು ಅಂತ. ನಾ ಯಾರ ಮುಂದೂ ಹೇಳಿಲ್ಲ’ ಎಂದರು.

ನೀಲವ್ವ ತಮ್ಮ ಮಗ ಬಸಣ್ಣನ ಬೈಕಿನ ಹಿಂದೆ ಕೂತು ಬಂದೇಬಿಟ್ಟರು. ಹೊಸ ಸೀರೆ ಉಟ್ಟಿದ್ದರು, ಬೀಗರ ಮನೆಗೆ ಹೊರಟವರಂತೆ. ಅವರನ್ನು ಕುರ್ಚಿಯಲ್ಲಿ ಕೂಡಿಸಿ ಪರದೆ ಅವರ ಕಡೆ ತಿರುಗಿಸಿದೆ.

ಮುಖವಿದ್ದಲ್ಲಿ ಕಪ್ಪು ಮಚ್ಚೆ ಇತ್ತು.

ಹೂವು ಇತ್ತು, ಸೀರೆ ಇತ್ತು, ಗಿಳಿ ಇತ್ತು. ಹಣೆಯ ವಿಭೂತಿಯ ಕೆಳಗಿನಿಂದ ಕುತ್ತಿಗೆಯ ತನಕ ಏನೂ ಇರಲಿಲ್ಲ. ಫಲಕವನ್ನೇ ಎತ್ತಿ ಕಿಟಕಿಗೆ ಹಿಡಿದೆ. ಆ ಜಾಗದಲ್ಲಿ ಚಿತ್ರ ಮೂಡಿದ ಲೇಪ ಎದ್ದುಹೋಗಿ ಬರೀ ಗಾಜು ಉಳಿದಿತ್ತು. ಆಗಷ್ಟೇ ಎದ್ದದ್ದಲ್ಲ. ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಬೂಷ್ಟು ಹಿಡಿದು ಒಣಗಿತ್ತು. ಮೇಜಿನ ಮೇಲೆ ಒಂದು ಚೂರೂ ಉದುರಿರಲಿಲ್ಲ.

ಈಗ ನೋಡಿದೆ, ಈಗಲೇ ನೋಡಿದೆ ಎಂದು ತೊದಲಿದೆ. ಬಸಣ್ಣ ನನ್ನ ಕಡೆ ನೋಡಿದ ನೋಟ ನನಗೆ ಗೊತ್ತು. ಪಿತ್ತ ಏರಿದವರನ್ನು ನಾನು ನೋಡುತ್ತಿದ್ದದ್ದೂ ಹಾಗೆಯೇ.

ನೀಲವ್ವ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ಗಿಳಿಗೂಟದ ಹತ್ತಿರ ಬೆರಳಿಟ್ಟರು. ಗೂಟದಿಂದ ಒಂದು ಬಿಳಿ ಪಟ್ಟಿ ಇಳಿದು ಆಕೆಯ ಕಂಕುಳ ಹಿಂದೆ ಹೋಗಿತ್ತು. ಅದನ್ನು ನಾನು ಗಮನಿಸಿರಲಿಲ್ಲ. ಎಡ ಅಂಗೈಯಲ್ಲಿದ್ದ ಲಿಂಗವನ್ನೂ ಗಮನಿಸಿರಲಿಲ್ಲ.

‘ಇದು ಕುಬುಸದ್ದಲ್ರೀ ಮಾಸ್ತರ್ರ’ ಎಂದರು ಮೆಲ್ಲಗೆ. ‘ಅವ್ವನ್ನ ಕುಂದರಿಸ್ಯಾರ. ಬೀಳಬಾರದಂತ ಗೂಟಕ್ಕ ಕಟ್ಯಾರ.’

ಲಿಂಗವಂತರಾದ ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಹೂ ಏರಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಎಷ್ಟು ಜನರನ್ನು ಹಾಗೆ ನೋಡಿದ್ದೇನೋ. ಆದರೂ ನನಗೆ ಹೊಳೆದಿರಲಿಲ್ಲ, ಯಾಕೆಂದರೆ ಅವಳು ಕಣ್ಣು ತೆರೆದಿದ್ದಳು.

ಅದನ್ನು ಹೇಳಿದೆ. ನೀಲವ್ವ ನನ್ನ ಕೈ ಹಿಡಿದುಕೊಂಡರು. ‘ಹೆಂಗಿದ್ಲು, ಹೇಳ್ರಿ’ ಎಂದರು. ಹೇಳಿದೆ. ಮತ್ತೊಮ್ಮೆ ಹೇಳಿಸಿದರು. ಹೋಗುವಾಗ, ‘ನೀವರ ನೋಡೀರಲ್ಲ’ ಎಂದರು. ಬಾಗಿಲಿಗೆ ಒರಗಿ ನಾನು ಅತ್ತೆ. ಕರುಳಿನ ಮಗಳಿಗೆ ಕಾಣದ್ದು, ಏನೂ ಆಗಬೇಕಾಗಿರದ ನನಗೇಕೆ ಕಂಡಿತು?

ಆಮೇಲೆ ಪೆಟ್ಟಿಗೆಯ ಫಲಕಗಳನ್ನೆಲ್ಲ ಮತ್ತೆ ಮತ್ತೆ ತಿರುವಿದೆ. ಅಂಥ ಮುಖ ಬೇರೆ ಯಾವುದರಲ್ಲೂ ಇಲ್ಲ. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿವೆ ಎಂದರು. ಯಾರದೋ ಮುಖವನ್ನು ಮನಸ್ಸು ತಾನೇ ಕಟ್ಟಿಕೊಂಡಿತು ಎನ್ನೋಣ. ಮೂರು ಹಚ್ಚೆ ಬೊಟ್ಟನ್ನು ಅದು ಎಲ್ಲಿಂದ ತಂದಿತು? ನನ್ನ ವಿಜ್ಞಾನ ಇಲ್ಲಿಗೆ ಬಂದು ನಿಲ್ಲುತ್ತದೆ.

ನೀಲವ್ವ ಆಗಾಗ ಬರುತ್ತಿದ್ದರು. ಚಹಾ ಕುಡಿದು, ‘ಅವ್ವನ ಸುದ್ದಿ ಹೇಳ್ರಿ’ ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ ನೋಡಿಕೊಂಡು ಹೇಳುತ್ತಿದ್ದೆ. ಆ ಮುಖದ ಪ್ರತಿ ಇದ್ದದ್ದು ನನ್ನ ತಲೆಯೊಳಗೆ ಮಾತ್ರ.

ಹೋದ ವರ್ಷ ನೀಲವ್ವ ತೀರಿಕೊಂಡರು. ಸಿಮೆಂಟಿನ ಗೋಡೆಗೆ ಗೂಟವಿರಲಿಲ್ಲ. ಕಿಟಕಿಯ ಸರಳಿಗೆ ಬಟ್ಟೆ ಕಟ್ಟಿ ಕೂಡಿಸಿದ್ದರು. ‘ಒಂದು ಫೋಟೋ ತಗೀರಿ ಮಾಸ್ತರ್ರ’ ಎಂದ ಬಸಣ್ಣ. ತೆಗೆದೆ. ಮುಖ ಬಂದಿದೆಯೋ ಇಲ್ಲವೋ ಎಂದು ಅಲ್ಲೇ ನೋಡಿದೆ. ಬಂದಿತ್ತು. ಈಗಲೂ ಇದೆ, ಈ ಮುಂಜಾನೆಯೂ ನೋಡಿದ್ದೇನೆ.

ಆದರೆ ಆ ದಿನದಿಂದ ಇನ್ನೊಂದು ಶುರುವಾಗಿದೆ. ತಾಯಿಯ ಮುಖ ನೆನೆಯಲು ಕೂತರೆ ಮಗಳ ಮುಖ ಅಡ್ಡ ಬರುತ್ತದೆ. ಊರನ್ನೇ ದಡ ಸೇರಿಸುತ್ತೇನೆ ಎಂದುಕೊಂಡಿದ್ದವನ ಕೈಯಿಂದ ಒಂದು ಮುಖ ಜಾರುತ್ತಿದೆ. ಕಣ್ಣು ಮುಚ್ಚಿದರೆ ಹೂವು ಕಾಣುತ್ತದೆ, ಗಿಳಿ ಕಾಣುತ್ತದೆ. ನಡುವೆ ಮೂರು ಹಚ್ಚೆ ಬೊಟ್ಟು. ಅವುಗಳ ಸುತ್ತ ಏನೂ ಇಲ್ಲ.