ಹೆಣ್ಣುಮಕ್ಕಳ ವಾರ್ಡಿನ ಅಳು

ಹೋದ ಗುರುವಾರ ಮಧ್ಯಾಹ್ನ ನನ್ನ ತಾಯಿ ತೀರಿಕೊಂಡಳು ಎಂದು ನಾನೇ ನನ್ನ ಗಂಡನಿಗೆ ಫೋನ್ ಮಾಡಿ ಹೇಳಿದೆ.

ಸುಳ್ಳು ಸುದ್ದಿ. ಗಾಬರಿಯಾಗಬೇಡಿ. ನಾನು ಇದನ್ನು ಬರೆಯುತ್ತಿರುವಾಗ ಆಕೆ ಬೀದರದ ಮೈಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದಾಳೆ. ಗಂಜಿಗೆ ಉಪ್ಪು ಕಡಿಮೆಯಾಗಿದೆ ಎಂದು ಮುಖ ಗಂಟು ಹಾಕಿಕೊಂಡಿದ್ದಾಳೆ.

ನನ್ನ ತಾಯಿಯನ್ನು ನಾವು ಯಾಡಿ ಎನ್ನುತ್ತೇವೆ. ಲಂಬಾಣಿ ಮಾತಿನಲ್ಲಿ ತಾಯಿ ಎಂದರೆ ಯಾಡಿ. ಔರಾದ ಕಡೆಯ ಒಂದು ತಾಂಡಾದಲ್ಲಿ ನನ್ನ ತಮ್ಮನ ಜೊತೆ ಇರುತ್ತಾಳೆ. ಆ ತಾಂಡಾದಲ್ಲಿ ಯಾವ ಹುಡುಗಿಯ ಮದುವೆಯಾದರೂ ಯಾಡಿ ಬೇಕು. ಯಾಕೆ? ಅಳಿಸಲಿಕ್ಕೆ. ಮದುಮಗಳು ತವರು ಬಿಡುವಾಗ ಢಾವಲೋ ಹೇಳಿ ಅಳಬೇಕು. ತಾಯಿ, ತಂದೆ, ಆಕಳು, ಬಾವಿ, ಅಂಗಳ ಎಲ್ಲವನ್ನೂ ಹೆಸರಿಟ್ಟು ಕರೆದು ರಾಗವಾಗಿ ಅಳುವ ಹಾಡು ಅದು. ಈಗಿನ ಹುಡುಗಿಯರಿಗೆ ಬರುವುದಿಲ್ಲ. ಯಾಡಿ ಹುಡುಗಿಯ ಕೊರಳು ಅಪ್ಪಿ ಮುಂದೆ ಹೇಳುತ್ತಾಳೆ, ಹುಡುಗಿ ಹಿಂದೆ ಹೇಳುತ್ತಾಳೆ. (ಮೇಕಪ್ ಕೆಡುತ್ತದೆ ಎಂದು ಈಗ ಕೆಲವರು ಸ್ವಲ್ಪದರಲ್ಲಿ ಮುಗಿಸಿ ಎನ್ನುತ್ತಾರಂತೆ. ಯಾಡಿ ಕೇಳುವವಳಲ್ಲ.)

ಇಂಥವಳ ಕೊರಳಲ್ಲೇ ಗಡ್ಡೆ ಬಂತು. ಥೈರಾಯ್ಡ್.

ಎರಡು ವರ್ಷ ಸೆರಗು ಮುಚ್ಚಿಕೊಂಡೇ ತಿರುಗಿದಳು. ನಾನು ಬೀದರದಿಂದ ಫೋನಿನಲ್ಲಿ ಬೈದೆ, ತಮ್ಮ ಎದುರಿಗೇ ಬೈದ. ಕ್ಯಾಂಪಿಗೆ ಬಂದ ಡಾಕ್ಟರು ಕನ್ನಡದಲ್ಲಿ ತಿಳಿಹೇಳಿದರು. ಎಲ್ಲರಿಗೂ ಹೂಂ ಅಂದಳು, ಎಲ್ಲಿಗೂ ಹೋಗಲಿಲ್ಲ. ಕಡೆಗೆ ಆಕೆಯನ್ನು ಆಸ್ಪತ್ರೆಗೆ ಎಬ್ಬಿಸಿಕೊಂಡು ಬಂದವಳು ಸುನೀತಾ. ತಾಂಡಾದ ಆಶಾ ಕಾರ್ಯಕರ್ತೆ, ಅದೇ ತಾಂಡಾದ ಸೊಸೆ. ಹೆಂಗಸರು ಕಸೂತಿ ಹಾಕುತ್ತ ಕೂತಲ್ಲಿ ತಾನೂ ಸೂಜಿ ಹಿಡಿದು ಕೂತಳಂತೆ. ಗಡ್ಡೆ ಎಲ್ಲಿ ಬೆಳೆಯುತ್ತದೆ, ಯಾವ ನರದ ಪಕ್ಕ ಇರುತ್ತದೆ, ಬಿಟ್ಟರೆ ಉಸಿರು ಹೇಗೆ ಕಟ್ಟುತ್ತದೆ, ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳಿದಳಂತೆ. ಮೂರನೇ ದಿನ ಯಾಡಿ ತಾನೇ ಟ್ರಂಕು ತೆಗೆದು ಸೀರೆ ಮಡಚಿಟ್ಟಳು.

ಆರೋಗ್ಯ ಇಲಾಖೆಯ ಪೋಸ್ಟರ್ ನಮ್ಮ ಭಾಷೆಯಲ್ಲಿ ನೀವು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ನಮ್ಮ ಮಾತಿಗೆ ತನ್ನದೇ ಲಿಪಿಯಿಲ್ಲ, ಅದನ್ನು ಯಾರಾದರೂ ಬಾಯಲ್ಲೇ ಹೊತ್ತು ಮನೆಮನೆಗೆ ಹೋಗಬೇಕು. ಸುನೀತಾ ಹೋಗುತ್ತಾಳೆ.

ಆಪರೇಷನ್ನಿನ ಮೊದಲೇ ಡಾಕ್ಟರು ನನ್ನನ್ನು ಕರೆದು ಹೇಳಿದ್ದರು. ದನಿಯ ನರ ಗಡ್ಡೆಗೆ ಅಂಟಿಕೊಂಡಿದೆ, ಹುಷಾರಾಗಿ ಬಿಡಿಸುತ್ತೇವೆ, ಆದರೂ ದನಿ ಹೋಗಬಹುದು. ನನಗೆ ದಿಕ್ಕು ತೋಚಲಿಲ್ಲ. ಹಿಂದಿನ ಸಂಜೆ ಮೊಬೈಲ್ ಹಿಡಿದುಕೊಂಡು ಯಾಡಿಯ ಮಂಚದ ಮೇಲೆ ಕೂತೆ. ಢಾವಲೋ ಹೇಳು, ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದೆ. ಆಕೆ ನಮ್ಮ ಮಾತಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ:

"ಸುಮ್ ಸುಮ್ನ ಅಳೂದು ಛಲೋ ಅಲ್ಲವ್ವ. ಯಾರರ ಬರ್ಬೇಕು, ಇಲ್ಲಾಂದ್ರ ಯಾರರ ಹೋಗ್ಬೇಕು. ಫೋನಿನ ಮುಂದ ಯಾರಿಗಿ ಅಳ್ಲಿ?"

ಕಾರಣವಿಲ್ಲದೆ ಅತ್ತರೆ ಅಪಶಕುನ. ಅದೂ ಆಪರೇಷನ್ನಿನ ಹಿಂದಿನ ದಿನ! ನಾನು ಮೊಬೈಲ್ ಚೀಲಕ್ಕೆ ಹಾಕಿಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಯಾಡಿ ಮಾತಾಡಲಿಲ್ಲ. ಎರಡನೇ ದಿನ ಡಾಕ್ಟರು ಬಂದು "ಅಜ್ಜಿ, ಆ ಅನ್ರಿ" ಎಂದರು. ತಲೆ ಅಲ್ಲಾಡಿಸಿದಳು. ಮೂರನೇ ದಿನ ನರ್ಸ್ ಕೇಳಿದಳು. ನಾಲ್ಕನೇ ದಿನ ನಾನು ಗದರಿದೆ, ಗೋಗರೆದೆ, ನನ್ನ ಮಗಳು ಪೂಜಾಳಿಂದ ಫೋನ್ ಮಾಡಿಸಿದೆ. ಎಲ್ಲದಕ್ಕೂ ಕೈಸನ್ನೆ. ಒಂದು ಪಿಸುಮಾತೂ ಇಲ್ಲ. ಡಾಕ್ಟರು ಸಣ್ಣ ಪೈಪು ಹಾಕಿ ನೋಡಿದರು. ನರ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ, ಆದರೆ ಅವರು ದನಿ ತೆಗೆಯದೆ ನಾನು ಖಾತ್ರಿ ಕೊಡಲಾರೆ ಎಂದರು.

ನನಗೆ ಮೆಲ್ಲಗೆ ಅರ್ಥವಾಯಿತು. ಆಕೆಗೆ ಹೆದರಿಕೆ. ಬಾಯಿ ತೆರೆದು, ದನಿ ಬರದಿದ್ದರೆ? ತೆರೆಯದಿದ್ದರೆ ದನಿ ಒಳಗೆ ಇದ್ದೇ ಇದೆ ಎಂದುಕೊಂಡು ಇರಬಹುದಲ್ಲ! ಪರೀಕ್ಷೆಯ ರಿಸಲ್ಟು ಬಂದ ದಿನ ನಾನೂ ಹಾಸ್ಟೆಲಿನ ರೂಮಿನಲ್ಲಿ ಚಿಲಕ ಹಾಕಿ ಕೂತಿದ್ದೆ, ನನಗೆ ಆ ಹೆದರಿಕೆ ಗೊತ್ತು. ಆದರೆ ಗೊತ್ತಿದ್ದು ಏನು ಮಾಡುವುದು? ಸುನೀತಾಳಿಗೆ ಫೋನ್ ಮಾಡಿ ಅತ್ತೆ. ಆಕೆ ಎಲ್ಲ ಕೇಳಿಸಿಕೊಂಡು, ಆಯ್ತು ಅಕ್ಕಾರ, ನೋಡ್ತೇನ್ರಿ ಎಂದಷ್ಟೇ ಹೇಳಿ ಇಟ್ಟಳು.

ಮರುದಿನ ಗುರುವಾರ. ನಾನು ಕೆಳಗೆ ಔಷಧಿ ಅಂಗಡಿಯ ಕ್ಯೂನಲ್ಲಿದ್ದೆ. ಮೇಲಿನ ಹೆಣ್ಣುಮಕ್ಕಳ ವಾರ್ಡಿನಿಂದ ಅಳು ಎದ್ದಿತು.

ನಮ್ಮ ತಾಂಡಾದ ಅಳು. ಹೆಂಗಸಿನ ದನಿ, ರಾಗ ಎಳೆದೆಳೆದು ಅಳುತ್ತಿದೆ. ನಮ್ಮವರು ಆ ವಾರ್ಡಿನಲ್ಲಿ ಇನ್ನಾರೂ ಇರಲಿಲ್ಲ. ಮಂಚದ ಮೇಲೆ ಇದ್ದವಳು ನನ್ನ ಯಾಡಿ ಒಬ್ಬಳೇ. ಅಂದಮೇಲೆ ಅಳುವವರು ಯಾರಿಗಾಗಿ ಅಳುತ್ತಿದ್ದಾರೆ?

ಮೆಟ್ಟಿಲ ಹತ್ತಿರ ನಿಂತೇ ಭಾಲ್ಕಿಯಲ್ಲಿ ಮೇಷ್ಟ್ರಾಗಿರುವ ನನ್ನ ಗಂಡನಿಗೆ ಫೋನ್ ಹಚ್ಚಿದೆ. "ಯಾಡಿ ಹೋದ್ಳ್ರಿ" ಎಂದೆ. ಅವರು ಏನೋ ಅಂದರು, ಕೇಳಿಸಲಿಲ್ಲ. ಮೇಲೆ ಓಡಿದೆ. ಕಾರಿಡಾರಿನಲ್ಲಿದ್ದವರು ನನಗೆ ದಾರಿ ಬಿಟ್ಟು ನಿಂತರು. ಯಾರೋ ಪುಣ್ಯಾತ್ಮಳು ನನ್ನ ಬೆನ್ನು ಸವರಿ, ಗಟ್ಟಿ ಆಗ್ಬೇಕವ್ವ ಎಂದಳು.

ಒಳಗೆ ಹೋದರೆ ಒಂದಲ್ಲ, ಎರಡು ದನಿ.

ಮಂಚದ ಮೇಲೆ ಸೋನಾಬಾಯಿ ಕೂತಿದ್ದಾಳೆ. ಯಾಡಿಯ ಬಾಲ್ಯದ ಗೆಳತಿ, ಮದುವೆಯಾಗಿ ದೂರದ ತಾಂಡಾಕ್ಕೆ ಹೋದವಳು. ಇಬ್ಬರೂ ಒಬ್ಬರ ಕೊರಳಿಗೆ ಒಬ್ಬರು ಕೈಹಾಕಿ ಅಳುತ್ತಿದ್ದಾರೆ. ಬಹಳ ದಿನದ ಮೇಲೆ ಸಿಕ್ಕ ನಮ್ಮ ಹೆಂಗಸರು ಹೀಗೇ ಭೇಟಿಯಾಗುವುದು. ನಮಸ್ಕಾರ, ಆರಾಮಾ ಎಂದು ಕೇಳುವುದಲ್ಲ. ಅಪ್ಪಿಕೊಂಡು, ಸತ್ತವರನ್ನು ನೆನೆದು, ಕಷ್ಟ ಸುಖ ಎಲ್ಲ ರಾಗದಲ್ಲಿ ಹೇಳಿ ಅತ್ತು, ಆಮೇಲೆ ಕಣ್ಣೊರೆಸಿಕೊಂಡು ಚಹಾ ಕುಡಿಯುವುದು. ಒಬ್ಬಳು ಅತ್ತರೆ ಇನ್ನೊಬ್ಬಳು ಅಳಲೇಬೇಕು. ಸುಮ್ಮನಿದ್ದರೆ ಬಂದವಳನ್ನು ಮನೆ ಬಾಗಿಲಿಂದ ಅಟ್ಟಿದ ಹಾಗೆ.

ಯಾಡಿಯ ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಏರಲಿಲ್ಲ, ನಡುನಡುವೆ ಗರಗರ ಎನ್ನುತ್ತಿತ್ತು. ಆದರೆ ಇತ್ತು! ಕೊರಳು ಕೊಯ್ದರು ಗೆಳತಿ, ನಿನ್ನ ಮುಖ ನೋಡಲಿಕ್ಕೆ ಉಳಿದೆ ಗೆಳತಿ, ಮಗಳು ಸಪ್ಪನೆಯ ಗಂಜಿ ಕುಡಿಸುತ್ತಾಳೆ ಗೆಳತಿ ಎಂದು ರಾಗದಲ್ಲಿ ನನ್ನ ಮೇಲೆ ಚಾಡಿಯನ್ನೂ ಹೇಳಿದಳು. ನನಗೆ ಇಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟೆ.

ಡಾಕ್ಟರು ಓಡಿ ಬಂದವರು ಬಾಗಿಲಲ್ಲೇ ನಿಂತರು. ಅವರ ಪಕ್ಕದಲ್ಲಿ ಸುನೀತಾ, ಕಂಕುಳಲ್ಲಿ ಆಶಾ ಚೀಲ. ಬೆಳಿಗ್ಗೆ ಎದ್ದು ಸೋನಾಬಾಯಿಯ ತಾಂಡಾಕ್ಕೆ ಹೋಗಿ, ಆಕೆಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಕರೆತಂದಿದ್ದಳು.

"ಡಾಕ್ಟರ್ ಸಾಬ್ರು 'ಆ' ಅನ್ನು ಅಂದ್ರ ಅನ್ಲಿಲ್ಲ, ನೀವು ಅಂದ್ರೂ ಅನ್ಲಿಲ್ಲ. ಗೆಳತಿ ಅಳ್ಕೋತ ಬಂದ್ರ ಸುಮ್ನ ಇರ್ಲಿಕ್ ಆಗ್ತದೇನ್ರಿ ಅಕ್ಕಾರ? ಮರ್ಯಾದಿ ಅಂಬೂದು ಅದ ಇಲ್ಲ?" ಎಂದಳು.

ಡಾಕ್ಟರು ನಕ್ಕರು. ಐದು ನಿಮಿಷ ಸಾಕು, ಹೊಲಿಗೆ ಇನ್ನೂ ಹಸಿ ಇದೆ ಎಂದರು. ಹತ್ತು ನಿಮಿಷ ನಡೆಯಿತು.

ಆಗ ನನಗೆ ಗಂಡನ ನೆನಪಾಯಿತು. ಫೋನ್ ಮಾಡಿದರೆ ಬಿಜಿ. ಮತ್ತೆ ಮಾಡಿದೆ, ಬಿಜಿ. ಯಾಕೆ ಬಿಜಿ ಎಂದು ನಿಮಗೆ ಹೇಳಬೇಕಿಲ್ಲ. ಸಂಜೆ ಅವರು ಭಾಲ್ಕಿಯಿಂದ ನಾಲ್ಕು ಮಂದಿ ನೆಂಟರ ಜೊತೆ ಕಣ್ಣು ಕೆಂಪಗೆ ಮಾಡಿಕೊಂಡು ವಾರ್ಡಿಗೆ ಬಂದಾಗ ಯಾಡಿ ಬಿಸ್ಕೀಟು ಚಹಾದಲ್ಲಿ ಅದ್ದುತ್ತಿದ್ದಳು. ಅಳಿಯನ ಮುಖ ಯಾಕೆ ಹೀಗಾಗಿದೆ ಎಂದು ನನ್ನನ್ನೇ ಕೇಳಿದಳು. ಅವರು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸೋನಾಬಾಯಿ ಹೊರಡುವ ಮೊದಲು ನನ್ನ ಕಡೆ ತಿರುಗಿದಳು. ಚಿಕ್ಕವಳಿದ್ದಾಗ ನನ್ನನ್ನು ಎತ್ತಿ ಆಡಿಸಿದವಳು. ನನ್ನ ಕೊರಳಿಗೆ ಕೈಹಾಕಿ, ರಾಗ ತೆಗೆದು ಅಳತೊಡಗಿದಳು. ನನ್ನ ತಂದೆಯ ಹೆಸರು ಹಿಡಿದು ಅತ್ತಳು. ಆಕೆ ಹೇಳಿದ್ದು ಪ್ರತಿ ಮಾತೂ ನನಗೆ ಅರ್ಥವಾಯಿತು. ಉತ್ತರ ಕೊಡಲಿಕ್ಕೆ ಒಂದು ಸಾಲೂ ಬರಲಿಲ್ಲ.

ಶಾಲೆಗೆ, ಹಾಸ್ಟೆಲಿಗೆ ಬಂದಾಗಿನಿಂದ ಯಾಡಿ ನಮ್ಮ ಮಾತಿನಲ್ಲಿ ಕೇಳುತ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಪೂಜಾಳಿಗೆ ಕೇಳಿದರೆ ಅರ್ಥವೂ ಆಗುವುದಿಲ್ಲ. (ಲಂಬಾಣಿ ಭಾಷೆ ಉಳಿಯಬೇಕು ಎಂದು ಬೀದರದ ಒಂದು ಸಭೆಯಲ್ಲಿ ನಾನು ಅರ್ಧ ಗಂಟೆ ಭಾಷಣ ಮಾಡಿದ್ದೇನೆ. ಕನ್ನಡದಲ್ಲಿ.)

ಸೋನಾಬಾಯಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ನನ್ನ ಗಲ್ಲ ಸವರಿ, ಏನೂ ಆಗಿಲ್ಲವೆಂಬಂತೆ ಬಸ್ಸಿನ ಹೊತ್ತು ಕೇಳಿದಳು.

ಶನಿವಾರ ಡಿಸ್ಚಾರ್ಜ್ ಆಯಿತು. ಕೊರಳು ಸರಿಯಿದೆ, ದನಿ ಬರುತ್ತಿದೆ ಎಂದು ಡಾಕ್ಟರು ಯಾಡಿಯ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ನನ್ನ ಕೊರಳನ್ನು ಯಾವ ಡಾಕ್ಟರಿಗೆ ತೋರಿಸಲಿ?