ಮೂರನೇ ಕಂಪ್ಯೂಟರಿನ ಹೆಣ್ಣುಮಗಳು

ಸವದತ್ತಿಯಲ್ಲಿ ನಾನು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ಕಾಲದಲ್ಲಿ ಫಿಲಿಪೀನ್ಸಿನ ಹೆಣ್ಣುಮಗಳೊಬ್ಬಳು ಬಂದು ಎಂಟು ದಿನ ಮೂರನೇ ಕಂಪ್ಯೂಟರ್ ಹಿಡಿದು ಕೂತಳು. ಬೆಳಿಗ್ಗೆ ಹತ್ತಿರದ ಹೂಲಿಯನ್ನೋ ತೊರಗಲ್ಲನ್ನೋ ಸುತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಬಡಬಡ ಟೈಪ್ ಮಾಡುವಳು. ಗುಡಿ, ಕೋಟೆಯ ಫೋಟೊ ತೆಗೆದರೆ ತೆಗೆಯಲಿ. ಈಕೆ ಬಸ್ಸಿನ ಬೋರ್ಡು, ರೊಟ್ಟಿ ಬಡಿಯುವ ಕೈ, ಸರ್ಕಾರಿ ಕಚೇರಿಯ ಗೇಟು, ಏನನ್ನೂ ಬಿಡುತ್ತಿರಲಿಲ್ಲ. ಏನು ಕೇಳಿದರೂ ಖಾನಾವಳಿಯಲ್ಲಿ ಕಲಿತ ಒಂದೇ ಮಾತು: "ಚಲೋ ಐತ್ರಿ."

"ಗೇಟಿನ ಫೋಟೊ ಆಕೀಗ್ಯಾಕ ಬೇಕ್ರಿ? ಏನ ಬರ್ಯಾಕ ಹತ್ಯಾಳ, ಸ್ವಲ್ಪ ನೋಡ್ರಿ," ಎಂದ ಪಕ್ಕದ ಚಹಾದಂಗಡಿಯವ.

ನನಗೂ ಅನುಮಾನ ಬಂತು. ಆದರೆ ಸುಮ್ಮನೆ ಹೋಗಿ ಬೆನ್ನ ಹಿಂದೆ ನಿಲ್ಲುವುದು ಹೇಗೆ? ಅರ್ಧ ತಾಸಿಗೊಮ್ಮೆ ಚಹಾ ಒಯ್ದೆ. "ತಗೋರಿ" ಎನ್ನುತ್ತ ಕಪ್ಪು ಇಡುವಷ್ಟರಲ್ಲಿ ಇಂಗ್ಲಿಷಿನ ಎರಡು ಸಾಲು ಓದಿಕೊಳ್ಳುತ್ತಿದ್ದೆ. ಒಮ್ಮೆ ಬದನೆಕಾಯಿ, ಒಮ್ಮೆ ಬಸ್ಸಿನ ಕಂಡಕ್ಟರು. ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಬದನೆಕಾಯಿಯ ಬಗ್ಗೆ ಬರೆಯಲು ಯಾರಾದರೂ ಸಮುದ್ರ ದಾಟಿ ಬರುತ್ತಾರೆಯೇ?

ಆಕೆ ಊರು ಬಿಟ್ಟ ಮರುದಿನ ಅದೇ ಕಂಪ್ಯೂಟರಿನಲ್ಲಿ ಹುಡುಕಿ ಅವಳ ಬ್ಲಾಗು ತೆರೆದೆ. ಕೊನೆಯಲ್ಲಿ ನನ್ನದೇ ಫೋಟೊ. ಕೆಳಗೆ ಬರೆದಿದ್ದಳು: "ಈ ಅಣ್ಣ ಕೇಳದೆಯೇ ಮತ್ತೆ ಮತ್ತೆ ಚಹಾ ತರುತ್ತಾರೆ. ಇಷ್ಟು ಅಕ್ಕರೆ ನನಗೆ ಎಲ್ಲಿಯೂ ಸಿಕ್ಕಿಲ್ಲ."

ಫೋಟೊದಲ್ಲಿ ನಾನು ಕಪ್ಪನ್ನು ಅವಳ ಕಡೆ ಚಾಚಿದ್ದೆ. ಕಣ್ಣು ಮಾತ್ರ ಅವಳ ಕಂಪ್ಯೂಟರಿನ ಮೇಲಿತ್ತು. ಅದಕ್ಕೇ ಅವಳ ಕೈಯಲ್ಲಿದ್ದ ಕ್ಯಾಮೆರಾ ನನಗೆ ಕಂಡಿರಲಿಲ್ಲ.