ಎಡಬಲ ತಿರುಗಿಸಿದವಳು

ಸಾವಿತ್ರಿ, ಮೆದುಳಿನ ಚಿತ್ರಗಳ ಎಡಬಲ ತಿರುಗಿಸಿದವಳು ನೀನಲ್ಲ, ನಾನು. ಪ್ರಬಂಧ ಪರೀಕ್ಷಿಸುವ ಸಮಿತಿಯ ಮುಂದೆ ನೀನು ತಲೆ ತಗ್ಗಿಸಿ ನಿಂತಾಗಲೇ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ—ಇಷ್ಟು ವರ್ಷ.

ಮಣಿಪಾಲದ ಆ ಪಿಎಚ್‌ಡಿ ತರಬೇತಿಗೆ ನೀನು ವಾಕ್‌ಚಿಕಿತ್ಸೆ ಕಲಿತು ಬಂದವಳು, ನಾನು ಕಾರ್ಕಳದ ಎಂಜಿನಿಯರು. ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಹತ್ತಲಿ ಎಂಬುದು ಗುರುಗಳ ಆಸೆ. ನನಗೆ ಹತ್ತಿದ್ದು ಅಹಂಕಾರ ಮಾತ್ರ. ನೀನು ಕಾಪು, ಕಟಪಾಡಿ ಸುತ್ತಿ ತುಳು ಮನೆಮಾತಿನವರನ್ನು ಒಪ್ಪಿಸಿ ಕರೆತರುತ್ತಿದ್ದೆ. ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ತುಳು, ಕನ್ನಡ ಎರಡನ್ನೂ ಕೇಳಿಸುತ್ತಿದ್ದೆ. ಆ ಚಿತ್ರಗಳನ್ನು ಕಂಪ್ಯೂಟರಿಗೆ ಹೊಂದಿಸಿ ಕೊಡುವುದು ನನ್ನ ಪಾಲಿನ ಕೆಲಸ.

ಒಂದು ದಿನ ನೀನು ಕೇಳಿದೆ: "ತುಳು ಕೇಳುವಾಗ ಬಲಗಡೆ ಇಷ್ಟು ಬೆಳಗ್ತದಲ್ಲ... ಆಸ್ಪತ್ರೆಯ ಫಿಲ್ಮಿನಲ್ಲಿ ಬಲಗಡೆ ಕಂಡರೆ ಅದು ರೋಗಿಯ ಎಡ, ಅಲ್ವಾ?"

"ಅದು ಡಾಕ್ಟರುಗಳ ಲೆಕ್ಕ ಮಾರಾಯ್ತಿ. ನಮ್ಮ ಸಾಫ್ಟ್‌ವೇರಿನಲ್ಲಿ ಬಲ ಅಂದ್ರೆ ಬಲವೇ. ಅದರ ತಲೆಬಿಸಿ ನಿನಗೆ ಎಂತಕ್ಕೆ?" ಎಂದೆ.

ನೀನು ನಂಬಿದೆ. ತುಳು ಕೇಳುವಾಗ ದುಡಿಯುವುದು ಬಲಮೆದುಳು ಎಂದು ನಿನ್ನ ಪ್ರಬಂಧದಲ್ಲಿ ಬರೆದೆ.

ಸಮಿತಿ ಸೇರುವ ಹಿಂದಿನ ದಿನ ಯಾಕೋ ಅನುಮಾನ ಬಂದು ಒಂದು ಚಿತ್ರ ತೆರೆದೆ. ಗುರುತಿಗೆಂದು ಎಲ್ಲರ ಬಲ ಹಣೆಗೂ ನಾವು ಎಂಆರ್‌ಐಯಲ್ಲಿ ಬೆಳ್ಳಗೆ ಕಾಣುವ ವಿಟಮಿನ್ ಗುಳಿಗೆಯೊಂದನ್ನು ಅಂಟಿಸುತ್ತಿದ್ದೆವಲ್ಲ—ನನ್ನ ಪ್ರೋಗ್ರಾಮಿನಿಂದ ಹೊರಬಂದ ಚಿತ್ರದಲ್ಲಿ ಅದು ಎಡ ಹಣೆಯಲ್ಲಿತ್ತು. ನಿನ್ನ ಕೈಗೆ ಬರುವಷ್ಟರಲ್ಲಿ, ಚಿತ್ರದಲ್ಲಿ ಮೆದುಳಷ್ಟೇ ಉಳಿಯಲೆಂದು, ತಲೆಬುರುಡೆಯ ಜೊತೆಗೆ ಗುಳಿಗೆಯೂ ಅಳಿಸಿಹೋಗಿರುತ್ತಿತ್ತು. ಅಳಿಸುತ್ತಿದ್ದವಳೂ ನಾನೇ. ನಿನಗೊಂದು ಫೋನು ಮಾಡಬಹುದಿತ್ತು... ಆದರೆ ಆ ಪ್ರೋಗ್ರಾಮೇ ನನ್ನ ಪ್ರಬಂಧ. ಮರುದಿನ ನಿನ್ನ ನಂತರ ನನ್ನ ಸರದಿ.

ಸಮಿತಿಯ ವೈದ್ಯರು ಯಂತ್ರದ ಮೂಲ ಫಿಲ್ಮ್ ತರಿಸಿ ಹೋಲಿಸಿದರು. ಬೆಳಗಿದ್ದು ಎಡಮೆದುಳು. "ಎಡ ಯಾವುದು, ಬಲ ಯಾವುದು ಗೊತ್ತಿಲ್ಲದೆ ಮೆದುಳಿಗೆ ಕೈ ಹಾಕಿದ್ದೀರಾ?" ಎಂದು ನಿನ್ನನ್ನು ಕೇಳಿ ನನ್ನತ್ತ ತಿರುಗಿದರು: "ನಿಮ್ಮ ಕಡೆಯಿಂದ ಸರಿ ಉಂಟಲ್ಲ?"

"ನನ್ನ ಕಡೆಯಿಂದ ಎಲ್ಲ ಸರಿ ಉಂಟು ಸರ್."

ನೀನು ನನ್ನ ಮುಖ ನೋಡಿದೆ. ಕಾಗದಗಳನ್ನು ಜೋಡಿಸಿಕೊಂಡು ಹೊರಗೆ ಹೋದೆ. ಆ ವರ್ಷವೇ ತರಬೇತಿ ಬಿಟ್ಟೆ. ನಾನು ಪ್ರೋಗ್ರಾಮನ್ನು ಸದ್ದಿಲ್ಲದೆ ತಿದ್ದಿ, ಡಾಕ್ಟರೇಟ್ ಪಡೆದು, ಅಲ್ಲಿಯೇ ಪಾಠ ಹೇಳಲು ನಿಂತೆ.

ಇದಕ್ಕಿಂತ ಹೇಸಿಗೆಯದೊಂದಿದೆ. ಪ್ರತಿ ವರ್ಷ ಹೊಸಬರನ್ನು ನಗಿಸಲೆಂದು ನಿನ್ನ ಕಥೆ ಹೇಳುತ್ತೇನೆ—ಒಬ್ಬಳಿದ್ದಳು, ಅವಳಿಗೆ ಎಡಬಲವೇ ಗೊತ್ತಿರಲಿಲ್ಲ ಎಂದು. ಎಲ್ಲರೂ ನಗುತ್ತಾರೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಮಾತ್ರ ನಗದೆ ಕೇಳಿದಳು: "ಅವರಿಗೆ ಆ ಚಿತ್ರ ಮಾಡಿಕೊಟ್ಟದ್ದು ಯಾರು ಮೇಡಂ?"

"ನೆನಪಿಲ್ಲ" ಎಂದೆ.

ನಾಳೆ ಅದೇ ತರಗತಿಯಲ್ಲಿ ಅವಳಿಗೆ ಉತ್ತರ ಹೇಳುತ್ತೇನೆ. ಸಮಿತಿಗೂ ಹೇಳುತ್ತೇನೆ. ನಿನ್ನ ಕೈತಪ್ಪಿದ ವರ್ಷಗಳು ಅದರಿಂದ ಮರಳುವುದಿಲ್ಲ, ಗೊತ್ತು. ನನ್ನನ್ನು ಕ್ಷಮಿಸಬೇಡ, ಸಾವಿತ್ರಿ. ಆ ದಿನ ನೀನು ಬಾಯಿ ಬಿಟ್ಟಿದ್ದರೆ—ನಾನು ನಿನ್ನನ್ನೇ ಸುಳ್ಳುಗಾತಿ ಎನ್ನುತ್ತಿದ್ದೆ.